ಉಮ್ಮರ್ ಗೆದ್ದರೆ ನಿಮಗೇನು ಹೊಟ್ಟೆನೋವು?

ಗೆದ್ದವನಿಗೆ ಚಪ್ಪಾಳೆ ಹೊಡೆದದ್ದಕ್ಕೆ ಯಾರಾದರೂ ನಿಮ್ಮ ಕೈ ಹಿಡಿದು ಕೆಳಗಿಳಿಸಿದ್ದಾರೆಯೇ? ನನ್ನ ಕೈಗೆ ಆ ಮರ್ಯಾದೆ ಸಿಕ್ಕಿದೆ. ಹೋದ ತಿಂಗಳು, ಒಂದು ಶುಕ್ರವಾರ, ನೂರಾರು ಜನರ ನಡುವೆ.

"ಎಂತ ಮಾರಾಯ್ರೆ, ನಾಚಿಕೆ ಆಗುದಿಲ್ವಾ ನಿಮಗೆ? ನೀವು ಯಾರ ಕಡೆ?"

ಕೇಳಿದವರು ಶೆಟ್ರು. ಈ ಕೊಲ್ಲಿ ದೇಶದಲ್ಲಿ ನಾವಿರುವ ಬಡಾವಣೆ ಬ್ನೇದ್ ಅಲ್ ಗಾರ್‌ನಲ್ಲಿ ಒಂದು ಹೋಟೆಲಿನ ಮ್ಯಾನೇಜರ್. ನಮ್ಮ ಫ್ಲ್ಯಾಟಿನಿಂದ ಎರಡು ಬೀದಿ ಆಚೆ. ನೀರ್‌ದೋಸೆ ಎಲ್ಲಿ ಸಿಗುತ್ತದೆ, ಊರಿಗೆ ಹೋಗುವವರು ಯಾರು, ಯಾರ ಇಕಾಮಾ (ಇಲ್ಲಿ ಇರಲು ಬೇಕಾದ ಪರವಾನಗಿ) ಮುಗಿಯುತ್ತಾ ಬಂತು, ಎಲ್ಲಾ ಸುದ್ದಿಯೂ ಅವರ ಕೌಂಟರಿನಲ್ಲಿ ಸಿಗುತ್ತದೆ. ಕಷ್ಟಕ್ಕೆ ಆಗುವ ಮನುಷ್ಯ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇನ್ನು ಮುಂದೆ ಅವರಿಗೆ ಬೈಯುವುದಿದೆ.

ನಾನು ಯಾರ ಕಡೆ? ಗೆದ್ದವನ ಕಡೆ! ಮತ್ತೆ ಸೋತವನಿಗೆ ಚಪ್ಪಾಳೆ ಹೊಡೆಯಬೇಕಿತ್ತೇ?

ಹೊಡೆಯಬೇಕಿತ್ತಂತೆ. ಅಲ್ಲಿಂದ ಶುರುವಾಯಿತು ಈ ಜಗಳ.

ವಿಷಯ ಏನೆಂದರೆ, ಇಲ್ಲಿ ನಮಗೆ ಶುಕ್ರವಾರ ರಜೆ. (ಭಾನುವಾರ ನೀವು ಮಲಗಿರುವಾಗ ನಾವು ಆಫೀಸಿನಲ್ಲಿರುತ್ತೇವೆ.) ಸಂಸಾರ ಇರುವವರು ಸಮುದ್ರದ ದಂಡೆಗೆ ಹೋಗುತ್ತಾರೆ. ಇಲ್ಲದವರು ಬಟ್ಟೆ ಒಗೆದು, ಮಲಗಿ, ಎದ್ದು, ಮತ್ತೆ ಮಲಗುತ್ತಾರೆ. ಹೀಗಿರುವಾಗ ಎಣ್ಣೆ ಕಂಪನಿಯೊಂದರಲ್ಲಿ ಫೋರ್‌ಮನ್ ಆಗಿರುವ ಒಬ್ಬ ಅಮೆರಿಕನ್ ಪುಣ್ಯಾತ್ಮ ತನ್ನ ದೇಶದ ಒಂದು ಹುಚ್ಚನ್ನು ಇಲ್ಲಿಗೆ ತಂದ. ಸ್ಟಾಕ್ ಕಾರ್ ರೇಸ್.

ಹೆಸರು ಕೇಳಿ ಹೆದರಬೇಡಿ. ಹಳೇ ಕಾರು ತರುವುದು. ಸೀಟು ಕೀಳುವುದು, ಗಾಜು ಕೀಳುವುದು, ಒಳಗೆ ಕಬ್ಬಿಣದ ಕಂಬಿ ಬೆಸೆಯುವುದು. ಊರಾಚೆಯ ಬಯಲಿನಲ್ಲಿ ಡ್ರಮ್ಮುಗಳನ್ನಿಟ್ಟು ಮೊಟ್ಟೆಯ ಆಕಾರದಲ್ಲಿ ದಾರಿ ಗುರುತು ಮಾಡಿದ್ದಾರೆ. ಅದರಲ್ಲಿ ಸುತ್ತುವುದು. ಒಬ್ಬರಿಗೊಬ್ಬರು ಗುದ್ದಬಹುದು. ಗುದ್ದಿದರೆ ಜನಕ್ಕೆ ಇನ್ನೂ ಖುಷಿ. ಓಡಿಸುವವರು ಕಾರ್ಖಾನೆಗಳ ಬಡಾವಣೆಯಾದ ಶುವೈಖಿನ ಗ್ಯಾರೇಜುಗಳ ಮೆಕ್ಯಾನಿಕ್ಕುಗಳು. ನೋಡುವವರು ಈಜಿಪ್ಟಿನವರು, ಪಾಕಿಸ್ತಾನದವರು, ಫಿಲಿಪೀನ್ಸಿನವರು, ಕೇರಳದವರು ಮತ್ತು ನಾವು. ನೆರಳಿಲ್ಲ, ಕುರ್ಚಿಯಿಲ್ಲ, ಧೂಳು ಮಾತ್ರ ಬೇಕಾದಷ್ಟು.

ಈ ರೇಸಿನಲ್ಲಿ ಗೆಲ್ಲುವವನು ಉಮ್ಮರ್. ಗೆಲ್ಲುವವನು ಎಂದರೆ, ಗೆಲ್ಲುತ್ತಲೇ ಇರುವವನು.

ಉಪ್ಪಿನಂಗಡಿ ಕಡೆಯ ಬ್ಯಾರಿ. ನಲವತ್ತರ ಹತ್ತಿರದ ಪ್ರಾಯ. ಶುವೈಖಿನಲ್ಲಿ ಅವನ ಗ್ಯಾರೇಜು, ಅದರ ಎದುರಿಗೇ ನಾನು ಗುಮಾಸ್ತನಾಗಿರುವ ಸ್ಪೇರ್‌ಪಾರ್ಟ್ಸ್ ಕಂಪನಿ. ಹಾಗಾಗಿ ದಿನಾ ಚಹಾಕ್ಕೆ ಜೊತೆ. (ಏಕವಚನದಲ್ಲಿ ಬರೆಯುತ್ತಿರುವುದು ಸಲಿಗೆಯಿಂದ. ಬೇರೆಯವರು ಯಾಕೆ ಏಕವಚನಕ್ಕೆ ಇಳಿದರು ಎಂಬುದನ್ನು ಈಗ ಹೇಳುತ್ತೇನೆ.)

ಮೊದಲ ಸಲ ಓಡಿಸಿದಾಗ ಅವನ ಕಾರು ಡ್ರಮ್ಮಿಗೆ ಗುದ್ದಿ ನಿಂತಿತು. ಆಗ ಶೆಟ್ರ ಕೌಂಟರಿನಲ್ಲಿ ಕೇಳಿದ ಮಾತು: "ಪಾಪ, ಉಮ್ಮರಾಕ." ಬ್ಯಾರಿಗಳಲ್ಲಿ ಹೆಸರಿನ ಕೊನೆಗೆ 'ಆಕ' ಸೇರಿಸಿದರೆ ಅಣ್ಣ ಎಂದ ಹಾಗೆ, ಮರ್ಯಾದೆ. ಮುಂದಿನ ಸಲ ಮೂರನೆಯವನಾಗಿ ಬಂದ. "ನಮ್ಮ ಉಮ್ಮರಾಕ!" ಆಮೇಲೆ ಗೆದ್ದ. ಹೆಗಲ ಮೇಲೆ ಹೊತ್ತು ಕುಣಿದರು. ಶೆಟ್ರು ಸ್ವತಃ ಎದುರು ಕೂತು ಬಿರಿಯಾನಿ ತಿನ್ನಿಸಿದರು. ನಮ್ಮ ಊರು, ನಮ್ಮ ಜಿಲ್ಲೆ, ನಮ್ಮ ಹುಡುಗ! ಹುಡುಗನಿಗೆ ನಲವತ್ತಾಗಿತ್ತು, ಇರಲಿ.

ಮತ್ತೆ ಗೆದ್ದ. "ಉಮ್ಮರ್ ಗೆದ್ದನಂತೆ" ಎಂದಾಯಿತು. 'ಆಕ' ಎಲ್ಲೋ ಉದುರಿಹೋಗಿತ್ತು. ಮತ್ತೂ ಗೆದ್ದ. "ಅವನೇ ಪುನಃ." ಈಗ ಹೆಸರೂ ಇಲ್ಲ. ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೆ ಬಂದು ತೊಂಬತ್ತನೇ ಇಸವಿ ಶುರುವಾಗುವ ಹೊತ್ತಿಗೆ ಅದು "ಆ ಬ್ಯಾರಿಗೆ ಎಂತ ಅಹಂಕಾರ ಮಾರಾಯ್ರೆ" ಎಂಬಲ್ಲಿಗೆ ಬಂದು ನಿಂತಿತ್ತು.

ಹಾಗಾದರೆ ಅವನ ಜಾತಿಯವರಾದರೂ ಬೆನ್ನಿಗೆ ನಿಂತರೇ? ಬಿಡಿ. ಅವರದು ಇನ್ನೂ ಚೆಂದ. "ಅವ ಉಪ್ಪಿನಂಗಡಿಯವ, ನಾವು ಬಂಟ್ವಾಳ ಕಡೆಯವರು" ಎಂದು ಮೆಲ್ಲನೆ ದೂರ ಸರಿದರು.

ಮೊದಲು ಒಬ್ಬಿಬ್ಬರು ಕೂ ಹಾಕಿದರು. ಆಮೇಲೆ ಗುಂಪೇ ಹಾಕಿತು. ಇಂಗ್ಲಿಷಿನವರು ಬೂ ಎನ್ನುತ್ತಾರೆ, ನಾವು ಕೂ ಎನ್ನುತ್ತೇವೆ, ಹೊಟ್ಟೆಯಲ್ಲಿರುವ ಕಿಚ್ಚು ಒಂದೇ.

ಯಾಕೆ? ನಾನು ಕೇಳಿ ನೋಡಿದ್ದೇನೆ. ಒಬ್ಬರು ಹೇಳಿದರು, ಅವನು ಯಾರಿಗೂ ಗುದ್ದುವುದಿಲ್ಲ, ಸಂದು ನೋಡಿ ನುಸುಳಿ ಹೋಗುತ್ತಾನೆ, ನೋಡಲು ಮಜಾ ಇಲ್ಲ. ಇನ್ನೊಬ್ಬರು, ಯಾರು ಗೆಲ್ಲುತ್ತಾರೆ ಎಂದು ಗೊತ್ತಿದ್ದ ಮೇಲೆ ಬಿಸಿಲಿನಲ್ಲಿ ಯಾಕೆ ನಿಲ್ಲಬೇಕು ಎಂದರು. (ಎಂದವರು ಮುಂದಿನ ಶುಕ್ರವಾರವೂ ಎಲ್ಲರಿಗಿಂತ ಮೊದಲೇ ಬಂದು ನಿಂತಿದ್ದರು.) ಮೂರನೆಯದು ಬಾಚಣಿಗೆ.

ಬಾಚಣಿಗೆಯ ವಿಷಯದಲ್ಲಿ ನಾನು ಉಮ್ಮರನ ಪರವಾಗಿ ವಾದಿಸುವುದಿಲ್ಲ. ಗೆದ್ದ ಕೂಡಲೇ ಅವನು ಕಾರಿನಿಂದ ಇಳಿದು ಹೆಲ್ಮೆಟ್ ತೆಗೆಯುತ್ತಾನೆ. ಹಿಂದಿನ ಜೇಬಿನಿಂದ ಬಾಚಣಿಗೆ ತೆಗೆಯುತ್ತಾನೆ. ಕಾರಿನ ಪಕ್ಕದ ಕನ್ನಡಿಗೆ ಬಗ್ಗಿ, ಜನರಿಗೆ ಬೆನ್ನು ಹಾಕಿ, ನಿಧಾನವಾಗಿ ಬೈತಲೆ ತೆಗೆದು ಬಾಚುತ್ತಾನೆ. ಮದುಮಗನೂ ಅಷ್ಟು ಹೊತ್ತು ಬಾಚುವುದಿಲ್ಲ. ಒಳ್ಳೆಯ ಕೂದಲು, ಒಪ್ಪಿದೆ. ಆದರೂ!

ಆದರೆ ಬಾಚಣಿಗೆಗೆ ಯಾರಾದರೂ ಕೂ ಹಾಕುತ್ತಾರೆಯೇ? ಈಜಿಪ್ಟಿನವರೂ ಕೂಗುತ್ತಾರೆ, ಪಠಾಣರೂ ಕೂಗುತ್ತಾರೆ. ಕೂಗಿ, ನಕ್ಕು, ಆಮೇಲೆ ಬಂದು ಅವನ ಬೆನ್ನು ತಟ್ಟಿ "ಯಲ್ಲಾ ಉಮ್ಮರ್ ಭಾಯಿ, ಅಗಲೀ ಬಾರ್ ಹಮಾರಾ ನಂಬರ್", ಮುಂದಿನ ಸಲ ನಮ್ಮ ಸರದಿ, ಎಂದು ಹೋಗುತ್ತಾರೆ. ಅವರದು ಆಟ. ಮುಖ ಗಂಟು ಹಾಕಿಕೊಂಡು, ಒಂದು ಮಾತೂ ಆಡದೆ ಹೊರಟುಹೋಗುವವರು ನಮ್ಮವರು ಮಾತ್ರ. ನಮ್ಮವನೊಬ್ಬ ಗೆಲ್ಲಬೇಕು. ಸ್ವಲ್ಪ ಗೆಲ್ಲಬೇಕು. ನಾವು ಹೆಗಲ ಮೇಲೆ ಹೊರುವಷ್ಟು. ಅದರ ಮೇಲೆ ಗೆದ್ದರೆ ಅವನು ಹೆಗಲಿನಿಂದ ತಲೆಗೆ ಹತ್ತಿದ ಹಾಗೆ ಕಾಣುತ್ತದೆ ನಮಗೆ.

ಕಾರಿನ ಮಾತು ಬಿಡಿ. ನನ್ನ ಹೆಂಡತಿ ಸುಮತಿ ಇಲ್ಲಿನ ನಮ್ಮ ಹೆಂಗಸರ ರಂಗೋಲಿ ಸ್ಪರ್ಧೆಯಲ್ಲಿ ಪ್ರತಿವರ್ಷ ಮೊದಲ ಬಹುಮಾನ ತರುತ್ತಿದ್ದಳು. ಒಂದು ವರ್ಷ ಅವಳನ್ನು ತೀರ್ಪುಗಾರ್ತಿ ಮಾಡಿಬಿಟ್ಟರು. ಬಡ್ತಿ! ಎಷ್ಟು ಗೌರವ! ಅಂದಿನಿಂದ ಅವಳು ರಂಗೋಲಿ ಪುಡಿ ಮುಟ್ಟಿಲ್ಲ. ಬೇರೆಯವರ ವಕ್ರ ಗೆರೆಗಳಿಗೆ ಮಾರ್ಕು ಹಾಕಿ, ಮನೆಗೆ ಬಂದು ನನ್ನ ಮೇಲೆ ಸಿಟ್ಟು ತೀರಿಸುತ್ತಾಳೆ.

ಈಗ ಕಥೆಗೆ ಬರುತ್ತೇನೆ. ನನ್ನ ಚಪ್ಪಾಳೆಯ ಜಗಳವಾದ ಮರುವಾರ ಉಮ್ಮರನ ಹೆಂಡತಿ ಮೈಮೂನಾ ವಿಸಿಟ್ ವೀಸಾದಲ್ಲಿ ಊರಿನಿಂದ ಬಂದಳು. ಗಂಡ ರೇಸ್ ಓಡಿಸುವುದನ್ನು ನೋಡಬೇಕೆಂದಳು. ಸುದ್ದಿ ಶೆಟ್ರ ಕೌಂಟರಿಗೆ ತಲುಪಿತು. ಅವರು ನನ್ನನ್ನೂ ಎಳೆದುಕೊಂಡು ಶುವೈಖಿಗೆ ಹೊರಟರು.

"ಹೆಂಡತಿ ಎದುರು ಜನ ಕೂ ಹಾಕಿದ್ರೆ ಚೆಂದ ಉಂಟಾ?" ಎಂದರು ದಾರಿಯಲ್ಲಿ. "ಒಂದು ಸಲ ಎರಡನೇದು ಬರ್ಲಿ. ಎಲ್ಲರ ಹತ್ರ ನಾನು ಮಾತಾಡಿದ್ದೇನೆ. ಎರಡನೇದು ಬಂದ್ರೆ ಎಲ್ಲರೂ ಚಪ್ಪಾಳೆ ಹೊಡೀತಾರೆ. ಅವಳಿಗೂ ಖುಷಿ, ನಮಗೂ ಖುಷಿ."

ಪಾಪದ ಯೋಚನೆ ಅಲ್ಲ, ನೋಡಿ. ಒಳ್ಳೆಯ ಮನಸ್ಸಿನಿಂದಲೇ ಬಂದದ್ದು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಗ್ಯಾರೇಜಿನಲ್ಲಿ ಉಮ್ಮರನ ಕಾಲು ಮಾತ್ರ ಕಾಣುತ್ತಿತ್ತು. ಉಳಿದವನು ಒಂದು ಪಿಕಪ್ಪಿನ ಅಡಿಯಲ್ಲಿದ್ದ. ಶೆಟ್ರು ಆ ಕಾಲುಗಳ ಎದುರು ನಿಂತು ಗಂಟಲು ಸರಿಮಾಡಿಕೊಂಡರು.

"ಉಮ್ಮರ್ ಭಾಯಿ, ಒಂದು ಮಾತಿತ್ತು."

"ಹೇಳಿ ಶೆಟ್ರೆ. ಎಣ್ಣೆ ಇಳಿಸ್ತಾ ಇದ್ದೇನೆ, ಕೈ ಬಿಡ್ಲಿಕ್ಕೆ ಆಗುದಿಲ್ಲ."

"ಶುಕ್ರವಾರ ಮನೆಯವರನ್ನು ಕರ್ಕೊಂಡು ಬರ್ತೀರಂತೆ. ಒಳ್ಳೆದು. ಆದ್ರೆ ಈ ಜನರ ಬಾಯಿ ನಿಮಗೆ ಗೊತ್ತುಂಟಲ್ಲ? ಅದಕ್ಕೆ... ಈ ಒಂದು ಶುಕ್ರವಾರ ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಬೇಕು."

ಪಿಕಪ್ಪಿನ ಅಡಿಯಲ್ಲಿ ಎಣ್ಣೆ ಡಬ್ಬಕ್ಕೆ ಬೀಳುವ ಸದ್ದು.

"ಅಡ್ಜಸ್ಟಾ? ಯಾವುದು, ಬ್ರೇಕಾ, ಕ್ಲಚ್ಚಾ?"

"ಅದಲ್ಲ ಮಾರಾಯ್ರೆ. ಒಟ್ಟಾರೆ... ಎಲ್ಲಾ ಸ್ವಲ್ಪ ಅಡ್ಜಸ್ಟ್."

"ಎಲ್ಲಾ ಮಾಡ್ಬೇಕಾ? ಆಯ್ತು ಶೆಟ್ರೆ, ಮಾಡುವ. ನೀವು ಹೇಳಿದ್ದು ಒಳ್ಳೆದಾಯ್ತು. ತಿರುವಿನಲ್ಲಿ ಗಾಡಿ ಒಂಚೂರು ಎಡಕ್ಕೆ ಎಳೀತದೆ, ನನಗೂ ಡೌಟ್ ಇತ್ತು."

ನಾನು ಟಯರುಗಳ ರಾಶಿಯ ಕಡೆ ಮುಖ ತಿರುಗಿಸಿ ನಗು ನುಂಗಿದೆ. ಶೆಟ್ರ ಮುಖ ನೋಡಬೇಕಿತ್ತು ನೀವು!

ಎಂಥಾ ಶಬ್ದ ಇದು, ಅಡ್ಜಸ್ಟ್! ಇಂಗ್ಲಿಷಿನಿಂದ ತಂದು ಇದಕ್ಕೆ ನಾವು ಕೊಟ್ಟಷ್ಟು ಕೆಲಸ ಇಂಗ್ಲಿಷಿನವರೂ ಕೊಟ್ಟಿರಲಿಕ್ಕಿಲ್ಲ. ಇಬ್ಬರ ಸೀಟಿನಲ್ಲಿ ನಾಲ್ವರು ಕೂರಬೇಕೇ? ಅಡ್ಜಸ್ಟ್. ಸಾಂಬಾರಿಗೆ ಉಪ್ಪು ಜಾಸ್ತಿಯೇ? ಅಡ್ಜಸ್ಟ್. ಅತ್ತೆ ಸರಿಯಿಲ್ಲ, ಆಫೀಸಿನ ಮುದೀರ್ ಸಾಹೇಬ ಸರಿಯಿಲ್ಲ, ರೂಮಿನಲ್ಲಿ ನೀರಿಲ್ಲ, ಎಲ್ಲಕ್ಕೂ ಅದೇ ಮದ್ದು. 'ನೀನು ಸೋಲು' ಎಂದು ಮುಖಕ್ಕೆ ಹೇಳಲು ಶೆಟ್ರಿಗೆ ನಾಲಗೆ ಏಳಲಿಲ್ಲ. ಆ ಮಾತು ಎಷ್ಟು ಕೆಟ್ಟದ್ದೆಂದು ಅವರಿಗೂ ಗೊತ್ತು. ಅದಕ್ಕೇ ಈ ಮೆತ್ತನೆಯ ಶಬ್ದದ ಕೆಳಗೆ ಅಡಗಿಸಿ ತಂದಿದ್ದರು. ಮೆಕ್ಯಾನಿಕ್ಕಿಗೆ ಅದು ಸ್ಪ್ಯಾನರಿನ ಕೆಲಸವಾಗಿ ಕೇಳಿಸಿತು!

ಶೆಟ್ರು ಬೆವರೊರೆಸಿಕೊಂಡು ಹೊರಗೆ ಹೋದ ಮೇಲೆ ನಾನು ಬಗ್ಗಿ ಕೇಳಿದೆ. "ಅವರು ಹೇಳಿದ್ದು ಕಾರಿನ ವಿಷಯ ಅಲ್ಲ ಅಂತ ನಿನಗೆ ಗೊತ್ತಾಗಲಿಲ್ವಾ?"

ಉಮ್ಮರ್ ಜಾರಿ ಹೊರಗೆ ಬಂದ. ಮುಖವಿಡೀ ಎಣ್ಣೆ.

"ಆರು ದಿವಸ ನಾನು ಕಾರಿನ ಅಡಿಯಲ್ಲಿ ಇರ್ತೇನೆ ಮಾರಾಯ್ರೆ. ಬಂದವರು ನನ್ನ ಕಾಲಿನ ಹತ್ರ ಮಾತಾಡಿ ಹೋಗ್ತಾರೆ. ಶುಕ್ರವಾರ ಒಂದು ದಿವಸ ಕಾರಿನ ಒಳಗೆ ಕೂತ್ಕೊಳ್ತೇನೆ. ಅದನ್ನು ಅಡ್ಜಸ್ಟ್ ಮಾಡ್ಲಿಕ್ಕೆ ನನಗೆ ಬರುದಿಲ್ಲ."

ಮತ್ತೆ ಅಡಿಗೆ ಹೋದ. ನಿಜ ಹೇಳಿಬಿಡುತ್ತೇನೆ. ಊರು ಬಿಟ್ಟು ಬಂದು ಇಷ್ಟು ವರ್ಷವಾಯಿತು, ನನಗೆ ಅಂಥದ್ದೊಂದು ಶುಕ್ರವಾರ ಇಲ್ಲ.

ರೇಸಿನ ದಿನ ಹೆಂಗಸರಿಬ್ಬರನ್ನೂ ನನ್ನ ಕಾರಿನಲ್ಲಿ ಕೂರಿಸಿ, ಡ್ರಮ್ಮುಗಳ ಹತ್ತಿರವೇ ನಿಲ್ಲಿಸಿದೆ. ಉಮ್ಮರ್ ಹೇಳಿದಂತೆ ಎಲ್ಲವನ್ನೂ ಅಡ್ಜಸ್ಟ್ ಮಾಡಿದ್ದ. ಹಿಂದೆಂದೂ ಆ ಕಾರು ಹಾಗೆ ಓಡಿರಲಿಲ್ಲ. ತಿರುವಿನಲ್ಲಿ ಗೆರೆ ಎಳೆದ ಹಾಗೆ ತಿರುಗುತ್ತಿತ್ತು. ಎರಡನೆಯವನು ಇನ್ನೂ ಆಚೆ ಬದಿಯ ಧೂಳಿನಲ್ಲಿರುವಾಗ ಇವನು ಗೆದ್ದು ಇಳಿದು ಬಾಚಣಿಗೆ ತೆಗೆದಾಗಿತ್ತು.

ಕೂ ಶುರುವಾಯಿತು. ಆ ದಿನ ಸ್ವಲ್ಪ ಜಾಸ್ತಿಯೇ. ಶೆಟ್ರಿಗೆ ಮೋಸವಾಯಿತಲ್ಲ!

"ಇವರು ಯಾಕೆ ಕೂಗುದು ಅಕ್ಕ?" ಎಂದು ಮೈಮೂನಾ ಕೇಳಿದಳು.

ಸುಮತಿ ನನ್ನ ಮುಖ ನೋಡಿದಳು. "ಅದು... ಇಲ್ಲಿ ಖುಷಿಗೆ ಹಾಗೆ ಕೂಗ್ತಾರೆ."

"ನನಗೆ ಕಿವಿ ಉಂಟು ಅಕ್ಕ," ಎಂದಳು ಮೈಮೂನಾ. ಸಿಟ್ಟೂ ಇಲ್ಲ, ಅಳುವೂ ಇಲ್ಲ. "ಕೂಗ್ಲಿ. ಮದುವೆ ಆದ ಮೇಲೆ ಇವರು ಗೆದ್ದದ್ದು ನಾನು ನೋಡುದು ಇದೇ ಮೊದಲು. ಅಣ್ಣ, ಆ ಎದುರಿನವರಿಗೆ ಸ್ವಲ್ಪ ಆಚೆ ಹೋಗಿ ಕೂಗ್ಲಿಕ್ಕೆ ಹೇಳಿ. ನನಗೆ ಕಾಣುದಿಲ್ಲ."

ಇಳಿದು ಹೋಗಿ ಹೇಳಿದೆ. ಎದುರಿದ್ದವರು ಶೆಟ್ರೇ. ಪಾಪ, ಸರಿದು ನಿಂತು ಕೂಗಿದರು.

"ಆದ್ರೆ ಆ ತಲೆ ಬಾಚುದು ಮಾತ್ರ," ಎಂದಳು ಮೈಮೂನಾ ನಾನು ವಾಪಸು ಬಂದಾಗ, "ನನಗೂ ಕಂಡ್ರೆ ಆಗುದಿಲ್ಲ."

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ನಮ್ಮವರ ಬತ್ತಳಿಕೆಯಲ್ಲಿ ಇನ್ನೂ ಒಂದು ಬಾಣವಿತ್ತು. ಕನ್ನಡಿಗರಾದ ನಿಮಗೆ ಅದೇನೆಂದು ಈಗಾಗಲೇ ಗೊತ್ತಾಗಿರಬೇಕು.

ಸನ್ಮಾನ!

ಮರುವಾರ ಗುರುವಾರ ಸಂಜೆ, ಶೆಟ್ರ ಹೋಟೆಲಿನ ಮಹಡಿಯ ಮೇಲೆ ಊರಿನವರ ಸಭೆ. ಬ್ಯಾನರ್, ಮೈಕು, ಪ್ರಾರ್ಥನೆ, ಸ್ವಾಗತ. ಉಮ್ಮರ್ ಇಸ್ತ್ರಿ ಹಾಕಿದ ಬಿಳಿ ಶರ್ಟಿನಲ್ಲಿ ನಡುವಿನ ಕುರ್ಚಿಯಲ್ಲಿ ಕೂತಿದ್ದ. ಜನ ಕೊನೆಗೂ ಒಪ್ಪಿದರು ಎಂದು ಅವನಿಗೆ ಸಂತೋಷವಾಗಿತ್ತು. ಮುಖದಲ್ಲಿ ಕಾಣುತ್ತಿತ್ತು. ಶಾಲು ಹೊದಿಸಿದರು. ಗಂಧದ ಹಾರ ಹಾಕಿದರು. ಹಣ್ಣಿನ ಬುಟ್ಟಿ ಕೈಗಿಟ್ಟರು. ಆಮೇಲೆ ಶೆಟ್ರು ಮೈಕಿನ ಎದುರು ನಿಂತು, ಸಭೆಗೆಂದೇ ಇಟ್ಟಿರುವ ಕನ್ನಡದಲ್ಲಿ ಹೇಳಿದರು:

"ಶ್ರೀಯುತ ಉಮ್ಮರ್ ಅವರು ರೇಸಿನ ಕ್ಷೇತ್ರದಿಂದ ನಿವೃತ್ತರಾಗುತ್ತಿರುವ ಈ ಶುಭ ಸಂದರ್ಭದಲ್ಲಿ..."

ನಿವೃತ್ತಿ! ಯಾರು ಕೊಟ್ಟದ್ದು? ಯಾರು ಕೇಳಿದ್ದು? ಉಮ್ಮರ್ ತನ್ನ ನಿವೃತ್ತಿಯ ಸುದ್ದಿಯನ್ನು ಮೈಕಿನಲ್ಲಿ ಎಲ್ಲರ ಜೊತೆ ಕೇಳಿದ. ಇನ್ನು ಮುಂದೆ ಅವರು ಕಿರಿಯರಿಗೆ ಮಾರ್ಗದರ್ಶಕರಂತೆ, ಪ್ರತಿ ಶುಕ್ರವಾರ ಮುಖ್ಯ ಅತಿಥಿಯಂತೆ. ಚಪ್ಪಾಳೆಯೋ ಚಪ್ಪಾಳೆ. ಮಹಡಿ ಬೀಳುವಷ್ಟು. ಹೆಂಗಸರ ಸಾಲಿನಲ್ಲಿ ಸುಮತಿ ಮಾತ್ರ ಕೈ ಕಟ್ಟಿ ಕೂತಿದ್ದಳು. ಅವಳಿಗೆ ಈ ಗೌರವದ ರುಚಿ ಗೊತ್ತು.

ನೋಡಿ, ಬೈದರೆ ತಿರುಗಿ ಬೈಯಬಹುದು. ಕೂ ಹಾಕಿದರೆ ಕಿವಿ ಮುಚ್ಚಿಕೊಳ್ಳಬಹುದು. ಹಾರ ಹಾಕಿದವರಿಗೆ ಏನು ಮಾಡುತ್ತೀರಿ? ಕೈ ಮುಗಿಯಲೇಬೇಕಲ್ಲ? ಆ ಕ್ಷಣ ನನಗೆ ನಿಜವಾಗಿ ಹೆದರಿಕೆಯಾಯಿತು. ಇವನು ಸಂಕೋಚದ ಮನುಷ್ಯ, ನಾಲ್ಕು ಜನರೆದುರು ಇಲ್ಲ ಎನ್ನಲಾರ, ಮುಗಿಯಿತು, ಖಲಾಸ್, ಇನ್ನು ಏಳೂ ದಿನ ಕಾರಿನ ಅಡಿಯಲ್ಲೇ ಎಂದುಕೊಂಡೆ.

ಮೈಕು ಅವನ ಕೈಗೆ ಬಂತು. ಎದ್ದು ನಿಂತ. ಹಾರ ಸರಿಮಾಡಿಕೊಂಡ.

"ಎಲ್ಲರಿಗೂ ನಮಸ್ಕಾರ. ಹಾರ ಹಾಕಿದ್ದಕ್ಕೆ ಸಂತೋಷ. ನನಗೆ ಭಾಷಣ ಬರುದಿಲ್ಲ. ನಾಳೆ ಶುಕ್ರವಾರ, ಗಾಡಿಗೆ ಎಣ್ಣೆ ಬದಲಿಸ್ಲಿಕ್ಕುಂಟು. ನಾನು ಬರ್ತೇನೆ."

ಮೈಕನ್ನು ಶೆಟ್ರ ಕೈಗೇ ಕೊಟ್ಟು ಮೆಟ್ಟಿಲಿಳಿದ. ಮೈಮೂನಾ ಹಣ್ಣಿನ ಬುಟ್ಟಿ ಎತ್ತಿಕೊಂಡಳು. ಶಾಲನ್ನು ಬೆರಳಿನಲ್ಲಿ ಉಜ್ಜಿ ನೋಡಿ ಸುಮತಿಯ ಹತ್ತಿರ, "ದಪ್ಪ ಉಂಟು ಅಕ್ಕ. ಆ ಕಾರಿನ ಸೀಟು ಬರೀ ತಗಡು, ಅದಕ್ಕೆ ಹಾಕ್ಲಿಕ್ಕೆ ಆಗ್ತದೆ" ಎಂದಳು.

ಮರುದಿನ ಅವನು ಆ ಶಾಲಿನ ಮೇಲೆಯೇ ಕೂತು ಓಡಿಸಿದ. ಗೆದ್ದನೇ?

ಇಲ್ಲ. ಸೋತ.

ಮುಂದಿದ್ದವನೇ ಅವನು. ಕೊನೆಯ ತಿರುವಿನಲ್ಲಿ ಮುಂದಿನ ಟಯರು ಸಿಡಿಯಿತು. ಕಾರು ಕುಂಟಿಕೊಂಡು ಬಂತು, ಒಬ್ಬೊಬ್ಬರಾಗಿ ಎಲ್ಲರೂ ದಾಟಿ ಹೋದರು. ಯಾರೂ ಮಾಡಿದ್ದಲ್ಲ, ಬಿಸಿಲಿಗೆ ಹಳೇ ಟಯರು, ಅಷ್ಟೇ. ಎಲ್ಲರ ಕೊನೆಗೆ ಗೆರೆ ಮುಟ್ಟಿದ.

ಆಗ ಎದ್ದಿತು ನೋಡಿ ಚಪ್ಪಾಳೆ! ಇಡೀ ಬಯಲು ಮೊಳಗಿತು. ನಮ್ಮವರ ಕಣ್ಣಲ್ಲಿ ನೀರು. ಕೂ ಹಾಕುತ್ತಿದ್ದವರೆಲ್ಲ ಓಡಿಹೋಗಿ ಅವನನ್ನು ಮುತ್ತಿದರು. ಶೆಟ್ರು ಎಲ್ಲರಿಗಿಂತ ಮುಂದೆ. ತಬ್ಬಿಕೊಂಡರು. ಬೆನ್ನು ಸವರಿದರು. ಅವನು ಬಾಚಣಿಗೆ ತೆಗೆದು ಬಾಚಿಕೊಂಡದ್ದು ಯಾರ ಕಣ್ಣಿಗೂ ಕುಕ್ಕಲಿಲ್ಲ.

ನಾನು ಚಪ್ಪಾಳೆ ಹೊಡೆಯಲಿಲ್ಲ. ಈ ಸಲ ಯಾರೂ ನನ್ನ ಕೈ ಹಿಡಿಯಬೇಕಾಗಿರಲಿಲ್ಲ. ಸೋತವನಿಗೆ ಸಮಾಧಾನ ಹೇಳಬಾರದೆಂದು ನಾನು ಹೇಳುತ್ತಿಲ್ಲ. ಆದರೆ ಅದು ಸಮಾಧಾನವಾಗಿರಲಿಲ್ಲ. ಅದು ಹಬ್ಬವಾಗಿತ್ತು. ಒಬ್ಬ ಮನುಷ್ಯ ತಮ್ಮ ಮಟ್ಟಕ್ಕೆ ಇಳಿದು ಬಂದನಲ್ಲ ಎಂಬ ಹಬ್ಬ. ಇಷ್ಟು ಪ್ರೀತಿ ಇವರ ಹತ್ತಿರ ಇತ್ತೇ? ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದರು?

ಉಮ್ಮರ್ ಎಲ್ಲರ ಕೈಯನ್ನೂ ಕುಲುಕಿದ. ಯಾರಿಗೂ ಒರಟಾಗಿ ಒಂದು ಮಾತೂ ಆಡಲಿಲ್ಲ. ಸಿಡಿದ ಟಯರಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಜಾಕಿ ಹಚ್ಚಿದ. ಶೆಟ್ರು ಅವನ ಪಕ್ಕದಲ್ಲೇ ಬಗ್ಗಿ, "ಬೇಜಾರು ಮಾಡ್ಬೇಡಿ, ನಾವೆಲ್ಲ ಇದ್ದೇವೆ ನಿಮ್ಮೊಟ್ಟಿಗೆ" ಎಂದರು.

ಅವನು ತಲೆಯೆತ್ತಿ ನಕ್ಕ.

"ಬರುವ ಶುಕ್ರವಾರ ಹೊಸ ಟಯರು ಹಾಕ್ತೇನೆ ಶೆಟ್ರೆ. ನೀವೆಲ್ಲ ಗಂಟಲು ಸರಿ ಮಾಡಿ ಇಟ್ಕೊಳ್ಳಿ."